ಕಿಮೋಥೆರಪಿ ಪಡೆಯುತ್ತಿರುವವರಲ್ಲಿ ಕ್ಯಾಥೆಟರ್ ಸಂಬಂಧಿತ ಸೋಂಕು: ರಕ್ತ ಪರೀಕ್ಷೆಗಳ ಕುರಿತು ಸಾರ್ವಜನಿಕ ಮಾಹಿತಿ

ಪೀಠಿಕೆ

ಬಳ್ಳಾರಿ ಜಿಲ್ಲೆಯ ಕಂಪ್ಲಿ ತಾಲ್ಲೂಕಿನ ಮೆಟ್ರಿ, ಅದರ ಸುತ್ತಲಿನ ಗ್ರಾಮಗಳು, ಸಂಡೂರು ಹಾಗೂ ವಿಜಯನಗರ ಜಿಲ್ಲೆಯ ಹೊಸಪೇಟೆ, ಹಂಪಿ ಪ್ರದೇಶಗಳ ಕ್ಯಾನ್ಸರ್ ರೋಗಿಗಳು ಚಿಕಿತ್ಸೆಗಾಗಿ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಹುಬ್ಬಳ್ಳಿಯ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಹಾಗೂ ಸಂಶೋಧನಾ ಸಂಸ್ಥೆ, ಇಲ್ಲವೇ 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ಆಸ್ಪತ್ರೆಗಳನ್ನು ಅವಲಂಬಿಸಿರುತ್ತಾರೆ. ಕಿಮೋಥೆರಪಿ ಔಷಧಗಳನ್ನು ಹಲವು ತಿಂಗಳುಗಳ ಕಾಲ ರಕ್ತನಾಳದ ಮೂಲಕ ನೀಡಬೇಕಾಗುವುದರಿಂದ ಇಂತಹ ಅನೇಕ ರೋಗಿಗಳಿಗೆ ಕ್ಯಾಥೆಟರ್ ಎಂಬ ತೆಳುವಾದ ನಳಿಕೆಯನ್ನು ಅಳವಡಿಸಲಾಗುತ್ತದೆ. ಔಷಧ ನೀಡಿದ ನಂತರ ರೋಗಿಯು ನಳಿಕೆಯೊಂದಿಗೇ ತನ್ನ ಊರಿಗೆ ಹಿಂದಿರುಗುತ್ತಾನೆ.

ಹೀಗೆ ಹಿಂದಿರುಗಿದ ರೋಗಿಗೆ ಜ್ವರ ಬಂದಲ್ಲಿ ಅದನ್ನು ಸಾಮಾನ್ಯ ಜ್ವರವೆಂದು ಭಾವಿಸತಕ್ಕದ್ದಲ್ಲ. ಜ್ವರಕ್ಕೆ ಕ್ಯಾಥೆಟರ್ ಕಾರಣವೇ, ಬೇರೆ ಸೋಂಕು ಕಾರಣವೇ ಎಂಬುದನ್ನು ತಿಳಿಯಲು ವೈದ್ಯರು ಹಲವು ರಕ್ತ ಪರೀಕ್ಷೆಗಳನ್ನು ಮಾಡಿಸುತ್ತಾರೆ. ಈ ಪರೀಕ್ಷೆಗಳು ಏನನ್ನು ತಿಳಿಸುತ್ತವೆ, ಏನನ್ನು ತಿಳಿಸಲಾರವು ಹಾಗೂ ರೋಗಿಯ ಕುಟುಂಬದವರು ಅನುಸರಿಸಬೇಕಾದ ಕ್ರಮಗಳು ಯಾವುವು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಕ್ಯಾಥೆಟರ್ ಎಂದರೇನು?

ಕಿಮೋಥೆರಪಿಯ ಕೆಲವು ಔಷಧಗಳು ಕೈಯ ಸಣ್ಣ ರಕ್ತನಾಳಗಳನ್ನು ಸುಟ್ಟಂತೆ ಹಾಳುಮಾಡುತ್ತವೆ. ಆದ್ದರಿಂದ ಔಷಧವನ್ನು ಹೃದಯದ ಸಮೀಪವಿರುವ ದೊಡ್ಡ ಅಭಿಧಮನಿಗೆ ನೇರವಾಗಿ ತಲುಪಿಸುವ ವ್ಯವಸ್ಥೆ ಮಾಡಲಾಗುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ವಿಧಗಳು ಈ ಕೆಳಕಂಡಂತಿವೆ.

1. ಪಿಕ್ ಲೈನ್: ತೋಳಿನ ರಕ್ತನಾಳದ ಮೂಲಕ ಒಳಸೇರಿಸಿ ಹೃದಯದ ಸಮೀಪದವರೆಗೆ ಸಾಗಿಸಿದ ನಳಿಕೆ. ಇದರ ಹೊರತುದಿಯು ತೋಳಿನ ಮೇಲೆ ಕಾಣುವಂತಿದ್ದು, ಪಟ್ಟಿಯಿಂದ ಮುಚ್ಚಲ್ಪಟ್ಟಿರುತ್ತದೆ.

2. ಕಿಮೋ ಪೋರ್ಟ್: ಎದೆಯ ಮೇಲ್ಭಾಗದಲ್ಲಿ ಚರ್ಮದ ಕೆಳಗೆ ಇರಿಸಲಾಗುವ ಚಿಕ್ಕ ಡಬ್ಬಿ ಮತ್ತು ಅದಕ್ಕೆ ಜೋಡಿಸಿದ ನಳಿಕೆ. ಹೊರಗೆ ಒಂದು ಸಣ್ಣ ಉಬ್ಬು ಮಾತ್ರ ಕಾಣುತ್ತದೆ. ಔಷಧ ನೀಡುವಾಗ ವಿಶೇಷ ಸೂಜಿಯನ್ನು ಚರ್ಮದ ಮೂಲಕ ಡಬ್ಬಿಗೆ ಚುಚ್ಚಲಾಗುತ್ತದೆ.

3. ಸುರಂಗ ಕ್ಯಾಥೆಟರ್: ಎದೆಯ ಚರ್ಮದ ಕೆಳಗೆ ಸ್ವಲ್ಪ ದೂರ ಸಾಗಿ ಹೊರಬರುವ ನಳಿಕೆ. ಇದನ್ನು ರಕ್ತ ಕ್ಯಾನ್ಸರ್‌ನಂತಹ ದೀರ್ಘ ಚಿಕಿತ್ಸೆಗಳಲ್ಲಿ ಬಳಸಲಾಗುತ್ತದೆ.

ಕಿಮೋ ಪೋರ್ಟ್ ಇರುವ ರೋಗಿಯನ್ನು ಹೊರಗಿನಿಂದ ನೋಡಿದವರಿಗೆ ನಳಿಕೆ ಇರುವುದೇ ತಿಳಿಯುವುದಿಲ್ಲ. ಆದ್ದರಿಂದ ಯಾವುದೇ ವೈದ್ಯರನ್ನು ಕಂಡಾಗ ತಮಗೆ ನಳಿಕೆ ಅಳವಡಿಸಿರುವ ವಿಷಯವನ್ನು ರೋಗಿಯೇ ಮೊದಲು ತಿಳಿಸತಕ್ಕದ್ದು.

ಸೋಂಕು ಹೇಗೆ ಉಂಟಾಗುತ್ತದೆ?

ಚರ್ಮದ ಮೇಲೆ ಸಹಜವಾಗಿ ವಾಸಿಸುವ ಸೂಕ್ಷ್ಮಾಣುಗಳು ನಳಿಕೆ ಒಳಹೋಗುವ ಜಾಗದಿಂದ, ಇಲ್ಲವೇ ನಳಿಕೆಯ ಬಾಯಿಯನ್ನು ಮುಟ್ಟಿದ ಕೈಗಳಿಂದ ಒಳಸೇರುತ್ತವೆ. ಕಾಲುವೆಯ ಕಲ್ಲಿಗೆ ಪಾಚಿ ಹಿಡಿಯುವಂತೆ ಅವು ನಳಿಕೆಯ ಗೋಡೆಗೆ ಅಂಟಿಕೊಂಡು ಲೋಳೆಯಂತಹ ಪದರವನ್ನು ನಿರ್ಮಿಸಿಕೊಳ್ಳುತ್ತವೆ. ಈ ಪದರದೊಳಗಿನ ಸೂಕ್ಷ್ಮಾಣುಗಳನ್ನು ದೇಹದ ರಕ್ಷಣಾ ಕೋಶಗಳಾಗಲಿ, ಔಷಧಗಳಾಗಲಿ ಸುಲಭವಾಗಿ ತಲುಪಲಾರವು. ಪದರದಿಂದ ಕಳಚಿಕೊಂಡ ಸೂಕ್ಷ್ಮಾಣುಗಳು ರಕ್ತದೊಂದಿಗೆ ದೇಹದಾದ್ಯಂತ ಹರಡುತ್ತವೆ.

ಈ ಸೋಂಕಿಗೆ ಮುಖ್ಯವಾಗಿ ಚರ್ಮದ ಮೇಲಿನ ಸ್ಟೆಫಿಲೊಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳು, ಕ್ಲೆಬ್ಸಿಯೆಲ್ಲ, ಇ. ಕೋಲೈ, ಸೂಡೊಮೊನಾಸ್ ಮುಂತಾದ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳು ಹಾಗೂ ಕ್ಯಾಂಡಿಡಾ ಎಂಬ ಶಿಲೀಂಧ್ರ ಕಾರಣವಾಗಿರುತ್ತವೆ. ಯಾವ ಸೂಕ್ಷ್ಮಾಣು ಎಂಬುದರ ಮೇಲೆ ಚಿಕಿತ್ಸೆಯೂ, ನಳಿಕೆಯನ್ನು ಉಳಿಸಿಕೊಳ್ಳಬಹುದೇ ಎಂಬ ನಿರ್ಧಾರವೂ ಅವಲಂಬಿತವಾಗಿರುತ್ತದೆ.

ಕಿಮೋಥೆರಪಿ ರೋಗಿಗಳಲ್ಲಿ ಸೋಂಕನ್ನು ಗುರುತಿಸುವುದು ಏಕೆ ಕಷ್ಟ?

ಆರೋಗ್ಯವಂತರಲ್ಲಿ ಸೋಂಕು ತಗುಲಿದ ಜಾಗವು ಕೆಂಪಾಗಿ, ಊದಿಕೊಂಡು, ಕೀವು ತುಂಬುತ್ತದೆ. ರಕ್ತದಲ್ಲಿ ಬಿಳಿ ರಕ್ತಕಣಗಳ ಸಂಖ್ಯೆಯೂ ಏರುತ್ತದೆ. ಕೀವು ಎಂಬುದು ಬಹುಮಟ್ಟಿಗೆ ಸೂಕ್ಷ್ಮಾಣುಗಳೊಂದಿಗೆ ಹೋರಾಡಿ ಸತ್ತ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ರಾಶಿ.

ಕಿಮೋಥೆರಪಿಯು ಕ್ಯಾನ್ಸರ್ ಕೋಶಗಳೊಂದಿಗೆ ಮೂಳೆ ಮಜ್ಜೆಯಲ್ಲಿ ಬೆಳೆಯುವ ಈ ಕಣಗಳನ್ನೂ ಕುಗ್ಗಿಸುತ್ತದೆ. ಅನೇಕ ಔಷಧಗಳಲ್ಲಿ ಚಿಕಿತ್ಸೆಯ ನಂತರದ 7ರಿಂದ 14ನೆಯ ದಿನದ ಅವಧಿಯಲ್ಲಿ ನ್ಯೂಟ್ರೋಫಿಲ್‌ಗಳ ಸಂಖ್ಯೆಯು ಅತ್ಯಂತ ಕಡಿಮೆಯಾಗುತ್ತದೆ. ರೋಗಿಯು ಊರಿನಲ್ಲಿರುವುದು ಸಾಮಾನ್ಯವಾಗಿ ಇದೇ ಅವಧಿಯಲ್ಲಿ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ನ್ಯೂಟ್ರೋಫಿಲ್‌ಗಳು 500ಕ್ಕಿಂತ ಕಡಿಮೆಯಾದಾಗ ಅಪಾಯವು ತೀವ್ರವಾಗಿರುತ್ತದೆ.

ಇಂತಹ ರೋಗಿಯಲ್ಲಿ ಹೋರಾಡುವ ಕಣಗಳೇ ಇಲ್ಲದ ಕಾರಣ ಕೀವು ಕಾಣದಿರಬಹುದು, ನಳಿಕೆಯ ಜಾಗ ಕೆಂಪಾಗದಿರಬಹುದು. ಬಿಳಿ ರಕ್ತಕಣಗಳ ಎಣಿಕೆಯು ಸೋಂಕಿದ್ದರೂ ಏರುವುದಿಲ್ಲ. ಜ್ವರವೊಂದೇ ಏಕೈಕ ಸೂಚನೆಯಾಗಿರಬಹುದು. ಕಿಮೋಥೆರಪಿಯೊಂದಿಗೆ ನೀಡಲಾಗುವ ಡೆಕ್ಸಾಮೆಥಾಸೋನ್‌ನಂತಹ ಸ್ಟೀರಾಯ್ಡ್ ಔಷಧವು ಆ ಜ್ವರವನ್ನೂ ಮರೆಮಾಚಬಲ್ಲದು. ಈ ಕಾರಣದಿಂದಲೇ ಬಿಳಿ ರಕ್ತಕಣಗಳನ್ನು ಅವಲಂಬಿಸದ ಇತರ ರಕ್ತ ಸೂಚಕಗಳತ್ತ ವೈದ್ಯರು ಗಮನ ಹರಿಸುತ್ತಾರೆ.

ರಕ್ತದ ಸೂಚಕಗಳು

ಅ) ಸಿ-ರಿಯಾಕ್ಟಿವ್ ಪ್ರೋಟೀನ್ (ಸಿ.ಆರ್.ಪಿ.)

ಇದು ಯಕೃತ್ತಿನಲ್ಲಿ ಉತ್ಪತ್ತಿಯಾಗುವ ಪ್ರೋಟೀನ್. ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಯ ವಿಲಿಯಂ ಟಿಲೆಟ್ ಹಾಗೂ ಥಾಮಸ್ ಫ್ರಾನ್ಸಿಸ್ ಅವರು 1930ರಲ್ಲಿ ಇದನ್ನು ವರದಿ ಮಾಡಿದರು. ದೇಹದ ಯಾವುದೇ ಭಾಗದಲ್ಲಿ ಉರಿಯೂತ ಉಂಟಾದ ಕೆಲವು ಗಂಟೆಗಳ ನಂತರ ಇದರ ಪ್ರಮಾಣವು ಏರತೊಡಗಿ, ಸುಮಾರು 48 ಗಂಟೆಗಳಲ್ಲಿ ಗರಿಷ್ಠ ಮಟ್ಟ ತಲುಪುತ್ತದೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಒಂದು ಲೀಟರ್‌ಗೆ 10 ಮಿಲಿಗ್ರಾಂಗಿಂತ ಕಡಿಮೆಯಿರುತ್ತದೆ. ಪರೀಕ್ಷೆಯ ವೆಚ್ಚ ಕಡಿಮೆಯಿದ್ದು, ಸಣ್ಣ ಪ್ರಯೋಗಾಲಯಗಳಲ್ಲಿಯೂ ಲಭ್ಯವಿರುತ್ತದೆ.

ಆದರೆ ಕ್ಯಾನ್ಸರ್ ಗಡ್ಡೆಯಿಂದಲೂ, ಶಸ್ತ್ರಚಿಕಿತ್ಸೆಯಿಂದಲೂ, ಬಾಯಿ ಮತ್ತು ಕರುಳಿನ ಹುಣ್ಣುಗಳಿಂದಲೂ ಸಿ.ಆರ್.ಪಿ. ಏರಬಲ್ಲದು. ಆದ್ದರಿಂದ ಕ್ಯಾನ್ಸರ್ ರೋಗಿಗಳಲ್ಲಿ ಒಂದು ಬಾರಿಯ ಅಂಕಿಗಿಂತ ದಿನದಿಂದ ದಿನಕ್ಕೆ ಆಗುವ ಏರಿಳಿತವು ಹೆಚ್ಚು ಉಪಯುಕ್ತ. ಕೆಲವು ಪ್ರಯೋಗಾಲಯಗಳು ಲೀಟರ್ ಲೆಕ್ಕದಲ್ಲಿಯೂ, ಮತ್ತೆ ಕೆಲವು ಡೆಸಿಲೀಟರ್ ಲೆಕ್ಕದಲ್ಲಿಯೂ ವರದಿ ನೀಡುತ್ತವೆ. ಇವೆರಡರ ನಡುವೆ 10 ಪಟ್ಟು ವ್ಯತ್ಯಾಸವಿರುವುದರಿಂದ ಎರಡು ಊರುಗಳ ವರದಿಗಳನ್ನು ಹೋಲಿಸುವಾಗ ಮಾನವನ್ನು ಗಮನಿಸತಕ್ಕದ್ದು.

ಆ) ಪ್ರೊಕ್ಯಾಲ್ಸಿಟೋನಿನ್ (ಪಿ.ಸಿ.ಟಿ.)

ಇದು ಥೈರಾಯ್ಡ್ ಗ್ರಂಥಿಯಲ್ಲಿ ತಯಾರಾಗುವ ಕ್ಯಾಲ್ಸಿಟೋನಿನ್ ಹಾರ್ಮೋನಿನ ಪೂರ್ವರೂಪ. ಆರೋಗ್ಯವಂತರ ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಬ್ಯಾಕ್ಟೀರಿಯಾ ಸೋಂಕು ರಕ್ತಕ್ಕೆ ಹರಡಿದಾಗ ದೇಹದ ಅನೇಕ ಅಂಗಾಂಶಗಳು ಇದನ್ನು ಉತ್ಪಾದಿಸತೊಡಗುತ್ತವೆ. ತೀವ್ರ ಸೋಂಕಿನಲ್ಲಿ ಇದು ಏರುತ್ತದೆಂಬುದನ್ನು ಫ್ರಾನ್ಸ್‌ನ ಸಂಶೋಧಕರು 1993ರಲ್ಲಿ ಪ್ರಕಟಿಸಿದರು. ಸಿ.ಆರ್.ಪಿ.ಗಿಂತ ಬೇಗ, ಅಂದರೆ 3ರಿಂದ 6 ಗಂಟೆಗಳಲ್ಲಿ ಏರತೊಡಗುತ್ತದೆ. ಚಿಕಿತ್ಸೆ ಫಲಿಸಿದಾಗ ಸುಮಾರು ದಿನಕ್ಕೆ ಅರ್ಧದಷ್ಟು ಇಳಿಯುತ್ತದೆ. ಒಂದು ಮಿಲಿಲೀಟರ್‌ಗೆ 0.5 ನ್ಯಾನೋಗ್ರಾಂಗಿಂತ ಹೆಚ್ಚಿದ್ದಲ್ಲಿ ಬ್ಯಾಕ್ಟೀರಿಯಾ ಸೋಂಕಿನ ಸಂಭವ ಹೆಚ್ಚೆಂದು ಪರಿಗಣಿಸುವುದು ರೂಢಿ. ಪ್ರಮಾಣವು ಬಹಳ ಏರಿದ್ದಲ್ಲಿ ಸೋಂಕು ತೀವ್ರವಾಗಿರುವ ಸಾಧ್ಯತೆಯನ್ನು ಅದು ಸೂಚಿಸುತ್ತದೆ.

ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳು ರಕ್ತದಲ್ಲಿದ್ದಾಗ ಪಿ.ಸಿ.ಟಿ. ಸಾಮಾನ್ಯವಾಗಿ ಹೆಚ್ಚು ಏರುತ್ತದೆ. ಆದರೆ ಕ್ಯಾಥೆಟರ್ ಸೋಂಕಿಗೆ ಪದೇ ಪದೇ ಕಾರಣವಾಗುವ, ಚರ್ಮದ ಮೇಲಿನ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್‌ನಂತಹ ಬ್ಯಾಕ್ಟೀರಿಯಾಗಳಲ್ಲಿ ಅದು ಅಲ್ಪವಾಗಿ ಮಾತ್ರ ಏರಬಹುದು ಅಥವಾ ಏರದೆಯೂ ಇರಬಹುದು. ಮತ್ತೊಂದೆಡೆ, ಮೂತ್ರಪಿಂಡದ ವೈಫಲ್ಯ, ದೊಡ್ಡ ಶಸ್ತ್ರಚಿಕಿತ್ಸೆ, ಥೈರಾಯ್ಡಿನ ಮೆಡ್ಯುಲರಿ ಕ್ಯಾನ್ಸರ್, ಶ್ವಾಸಕೋಶದ ಸಣ್ಣ ಕೋಶಗಳ ಕ್ಯಾನ್ಸರ್ ಹಾಗೂ ಮಲೇರಿಯಾದಲ್ಲಿ ಬ್ಯಾಕ್ಟೀರಿಯಾ ಸೋಂಕಿಲ್ಲದೆಯೂ ಪಿ.ಸಿ.ಟಿ. ಹೆಚ್ಚಿರಬಹುದು.

ಇ) ಇಂಟರ್‌ಲ್ಯೂಕಿನ್-6

ಇದು ದೇಹದ ರಕ್ಷಣಾ ಕೋಶಗಳು ಪರಸ್ಪರ ಕಳುಹಿಸುವ ಸಂದೇಶ ಪ್ರೋಟೀನ್. ಯಕೃತ್ತಿಗೆ ಸಿ.ಆರ್.ಪಿ. ತಯಾರಿಸಲು ಸೂಚನೆ ನೀಡುವುದೂ ಇದೇ. ಆದ್ದರಿಂದ ಉಳಿದೆರಡಕ್ಕಿಂತ ಮೊದಲೇ ಏರಿ, ಬೇಗನೆ ಇಳಿದುಬಿಡುತ್ತದೆ. ಈ ಪರೀಕ್ಷೆಯು ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಲಭ್ಯವಿರುತ್ತದೆ.

ಶಿಲೀಂಧ್ರದ ಸೋಂಕು ಶಂಕಿಸಿದಾಗ ಬೀಟಾ-ಡಿ-ಗ್ಲೂಕಾನ್ ಎಂಬ ಮತ್ತೊಂದು ಪರೀಕ್ಷೆಯನ್ನು ಮಾಡಿಸಲಾಗುತ್ತದೆ. ಇದು ಶಿಲೀಂಧ್ರಗಳ ಕೋಶಭಿತ್ತಿಯ ಅಂಶವನ್ನು ರಕ್ತದಲ್ಲಿ ಪತ್ತೆಹಚ್ಚುತ್ತದೆ.

ಸೂಚಕಗಳ ಮಿತಿಗಳು

ಮೇಲ್ಕಂಡ ಸೂಚಕಗಳು ದೇಹದಲ್ಲಿ ಸೋಂಕು ಅಥವಾ ಉರಿಯೂತ ಇರುವ ಸಂಭವವನ್ನು ತಿಳಿಸುತ್ತವೆ. ಸೋಂಕು ಎಲ್ಲಿದೆ ಎಂಬುದನ್ನು ಅವು ತಿಳಿಸುವುದಿಲ್ಲ. ನಳಿಕೆಯಲ್ಲಿ ಸೋಂಕಿದ್ದರೂ, ಶ್ವಾಸಕೋಶದಲ್ಲಿದ್ದರೂ, ಮೂತ್ರನಾಳದಲ್ಲಿದ್ದರೂ ಅಂಕಿಗಳು ಒಂದೇ ರೀತಿ ಏರಬಹುದು. ಅಂತೆಯೇ, ಜ್ವರ ಬಂದ ಮೊದಲ ಕೆಲವು ಗಂಟೆಗಳಲ್ಲಿ ರಕ್ತ ತೆಗೆದಿದ್ದಲ್ಲಿ ಸೂಚಕಗಳು ಇನ್ನೂ ಏರಿರುವುದಿಲ್ಲ.

ಅಮೆರಿಕದ ಸಾಂಕ್ರಾಮಿಕ ರೋಗಗಳ ತಜ್ಞರ ಸಂಘವು 2010ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು, ನ್ಯೂಟ್ರೋಫಿಲ್ ಕೊರತೆಯೊಂದಿಗೆ ಜ್ವರ ಬಂದ ಕ್ಯಾನ್ಸರ್ ರೋಗಿಗಳಲ್ಲಿ ಸಿ.ಆರ್.ಪಿ., ಪಿ.ಸಿ.ಟಿ. ಮುಂತಾದ ಸೂಚಕಗಳ ಆಧಾರದಲ್ಲಿ ಪ್ರತಿಜೈವಿಕ ಔಷಧದ ನಿರ್ಧಾರ ಕೈಗೊಳ್ಳಲು ಸಾಕಷ್ಟು ಪುರಾವೆ ಇಲ್ಲವೆಂದು ತಿಳಿಸಿದೆ. ಅಂದರೆ ಸೂಚಕದ ಅಂಕಿ ಹೆಚ್ಚಿದ್ದಲ್ಲಿ ಎಚ್ಚರಿಕೆ ಹೆಚ್ಚಿಸಬೇಕು; ಅಂಕಿ ಕಡಿಮೆಯಿದೆ ಎಂದು ನಿಶ್ಚಿಂತರಾಗುವಂತಿಲ್ಲ.

ಉದಾಹರಣೆಗೆ, ಮೆಟ್ರಿಯ ರೋಗಿಯೊಬ್ಬರಿಗೆ ಕಿಮೋಥೆರಪಿಯ ಹತ್ತನೆಯ ದಿನ ಸಂಜೆ ಜ್ವರ ಬಂದು, ಖಾಸಗಿ ಪ್ರಯೋಗಾಲಯದಲ್ಲಿ ಸಿ.ಆರ್.ಪಿ. ಪರೀಕ್ಷೆ ಮಾಡಿಸಿದಾಗ ಅಂಕಿಯು ಮಿತಿಯೊಳಗೇ ಇದೆ ಎಂದಿಟ್ಟುಕೊಳ್ಳಬಹುದು. ವರದಿ ಸರಿಯಾಗಿದೆ ಎಂದು ಕುಟುಂಬದವರು ಬೆಳಗಿನವರೆಗೆ ಕಾಯ್ದಲ್ಲಿ ಆ ರಾತ್ರಿಯೇ ಸೋಂಕು ರಕ್ತಕ್ಕೆ ಹರಡಿ, ರಕ್ತದೊತ್ತಡ ಕುಸಿಯುವ ಸಂಭವವಿರುತ್ತದೆ. ವರದಿಯಲ್ಲಿ ದೋಷವಿರಲಿಲ್ಲ. ಅದು ಉತ್ತರಿಸಲಾಗದ ಪ್ರಶ್ನೆಯನ್ನು ಅದಕ್ಕೆ ಕೇಳಲಾಗಿತ್ತು, ಅಷ್ಟೆ.

ಜೋಡಿ ಬ್ಲಡ್ ಕಲ್ಚರ್: ನಿರ್ಣಾಯಕ ಪರೀಕ್ಷೆ

ಸೋಂಕಿನ ಮೂಲ ನಳಿಕೆಯೇ ಎಂಬುದನ್ನು ತಿಳಿಯಲು, ನಳಿಕೆಯನ್ನು ಹೊರತೆಗೆಯದೆಯೇ ಮಾಡಬಹುದಾದ ಪ್ರಮುಖ ಪರೀಕ್ಷೆ ಜೋಡಿ ಬ್ಲಡ್ ಕಲ್ಚರ್. ಇದರ ವಿಧಾನವು ಈ ಕೆಳಕಂಡಂತಿದೆ.

1. ಒಂದೇ ಸಮಯದಲ್ಲಿ ನಳಿಕೆಯ ಮೂಲಕ ಒಮ್ಮೆ, ಕೈಯ ರಕ್ತನಾಳದಿಂದ ಒಮ್ಮೆ ರಕ್ತವನ್ನು ಸಂಗ್ರಹಿಸಲಾಗುತ್ತದೆ.

2. ಎರಡೂ ಕಡೆಯಿಂದ ಸಮಪ್ರಮಾಣದಲ್ಲಿ, ವಯಸ್ಕರಲ್ಲಿ ಸಾಮಾನ್ಯವಾಗಿ ಪ್ರತಿ ಸೀಸೆಗೆ 8ರಿಂದ 10 ಮಿಲಿಲೀಟರ್ ರಕ್ತವನ್ನು ತುಂಬಲಾಗುತ್ತದೆ. ಮಕ್ಕಳಲ್ಲಿ ತೂಕಕ್ಕೆ ಅನುಗುಣವಾಗಿ ಕಡಿಮೆ ತೆಗೆಯಲಾಗುತ್ತದೆ.

3. ಯಾವ ಸೀಸೆಯ ರಕ್ತ ಎಲ್ಲಿಂದ, ಎಷ್ಟು ಗಂಟೆಗೆ ತೆಗೆದದ್ದು ಎಂಬುದನ್ನು ಸೀಸೆಯ ಮೇಲೆ ನಮೂದಿಸಲಾಗುತ್ತದೆ.

4. ಸೀಸೆಗಳನ್ನು ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಾನಾಗಿಯೇ ಗಮನಿಸುವ ಯಂತ್ರದಲ್ಲಿ ಇರಿಸಲಾಗುತ್ತದೆ.

ನಳಿಕೆಯ ರಕ್ತದ ಸೀಸೆಯಲ್ಲಿ ಸೂಕ್ಷ್ಮಾಣುಗಳು ಕೈಯ ರಕ್ತದ ಸೀಸೆಗಿಂತ 120 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಮುಂಚಿತವಾಗಿ ಬೆಳೆದು, ಎರಡರಲ್ಲಿಯೂ ಒಂದೇ ಸೂಕ್ಷ್ಮಾಣು ಕಂಡುಬಂದಲ್ಲಿ ಸೋಂಕಿನ ಮೂಲ ನಳಿಕೆಯೆಂದು ನಿರ್ಣಯಿಸಲಾಗುತ್ತದೆ. ಹಾಲಿಗೆ ಹೆಪ್ಪು ಹೆಚ್ಚು ಬಿದ್ದಷ್ಟೂ ಬೇಗ ಮೊಸರಾಗುವಂತೆ, ಸೂಕ್ಷ್ಮಾಣುಗಳು ಹೆಚ್ಚಿರುವ ರಕ್ತದ ಸೀಸೆಯಲ್ಲಿ ಬೆಳವಣಿಗೆ ಬೇಗ ಗೋಚರಿಸುತ್ತದೆ. ಉದಾಹರಣೆಗೆ, ನಳಿಕೆಯ ಸೀಸೆಯು 9 ಗಂಟೆಗಳಲ್ಲಿಯೂ ಕೈಯ ಸೀಸೆಯು 13 ಗಂಟೆಗಳಲ್ಲಿಯೂ ಬೆಳವಣಿಗೆ ತೋರಿದಲ್ಲಿ ಅಂತರವು 4 ಗಂಟೆ. ಇಲ್ಲಿ ನಳಿಕೆಯೇ ಮೂಲ. ಎರಡೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ತೋರಿದಲ್ಲಿ ಮೂಲವು ಬೇರೆಡೆ ಇರುವ ಸಾಧ್ಯತೆ ಹೆಚ್ಚು. ಆದಾಗ್ಯೂ ಕೆಲವು ಸೂಕ್ಷ್ಮಾಣುಗಳಲ್ಲಿ ಈ ಅಂತರವು ಸ್ಪಷ್ಟವಾಗಿ ಕಾಣದಿರುವುದರಿಂದ ವೈದ್ಯರು ರೋಗಿಯ ಸ್ಥಿತಿಯನ್ನೂ ಪರಿಗಣಿಸಿ ನಿರ್ಧರಿಸುತ್ತಾರೆ.

ಈ ಪರೀಕ್ಷೆಯು ಫಲಪ್ರದವಾಗಬೇಕಾದಲ್ಲಿ ಪ್ರತಿಜೈವಿಕ ಔಷಧ ಸೇವಿಸುವ ಮೊದಲೇ ರಕ್ತ ಸಂಗ್ರಹಿಸಿರಬೇಕು. ಔಷಧದ ಅಂಗಡಿಯಿಂದ ತಂದ ಎರಡು ಮಾತ್ರೆಗಳೂ ಸೀಸೆಯಲ್ಲಿ ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಡೆಯಬಲ್ಲವು. ಆಗ ರೋಗ ಉಳಿದಿದ್ದು, ರೋಗದ ಗುರುತು ಮಾತ್ರ ಅಳಿಸಿಹೋಗುತ್ತದೆ.

ಚಿಕಿತ್ಸೆಯು ವರದಿಗಾಗಿ ಕಾಯುವುದಿಲ್ಲ

ಸೂಚಕಗಳ ವರದಿಗೆ ಕೆಲವು ಗಂಟೆಗಳೂ, ಕಲ್ಚರ್ ವರದಿಗೆ ಒಂದರಿಂದ ಹಲವು ದಿನಗಳೂ ಬೇಕಾಗುತ್ತವೆ. ನ್ಯೂಟ್ರೋಫಿಲ್ ಕೊರತೆಯಿರುವ ರೋಗಿಗೆ ಅಷ್ಟು ಕಾಲಾವಕಾಶ ಇರುವುದಿಲ್ಲ. ಆದ್ದರಿಂದ ರಕ್ತ ಸಂಗ್ರಹಿಸಿದ ಕೂಡಲೇ, ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗಾಗಿ ಮೊದಲ ಪ್ರತಿಜೈವಿಕ ಚುಚ್ಚುಮದ್ದನ್ನು ನೀಡಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿಗಳ ಶಿಫಾರಸು. ಕಲ್ಚರ್ ಸೌಲಭ್ಯವಿಲ್ಲದ ಆಸ್ಪತ್ರೆಯಲ್ಲಿ, ಸೀಸೆಗಳು ದೊರೆಯುವುದಿಲ್ಲವೆಂಬ ಕಾರಣಕ್ಕೆ ಚುಚ್ಚುಮದ್ದನ್ನು ತಡಮಾಡುವಂತಿಲ್ಲ.

ವರದಿ ಬಂದ ನಂತರ ಔಷಧವನ್ನು ಬದಲಿಸಲಾಗುತ್ತದೆ ಅಥವಾ ಮುಂದುವರಿಸಲಾಗುತ್ತದೆ. ಸ್ಟೆಫಿಲೊಕಾಕಸ್ ಆರಿಯಸ್ ಅಥವಾ ಕ್ಯಾಂಡಿಡಾ ಕಂಡುಬಂದಲ್ಲಿ, ಪೋರ್ಟ್ ಸುತ್ತ ಕೀವು ತುಂಬಿದ್ದಲ್ಲಿ ಇಲ್ಲವೇ ರೋಗಿಯ ರಕ್ತದೊತ್ತಡ ಕುಸಿದಿದ್ದಲ್ಲಿ ಸಾಮಾನ್ಯವಾಗಿ ನಳಿಕೆಯನ್ನು ಹೊರತೆಗೆಯಲಾಗುತ್ತದೆ. ಅಷ್ಟು ತೀವ್ರವಲ್ಲದ ಸೂಕ್ಷ್ಮಾಣುಗಳಿದ್ದು ರೋಗಿಯ ಸ್ಥಿತಿ ಸ್ಥಿರವಾಗಿದ್ದಲ್ಲಿ, ನಳಿಕೆಯೊಳಗೆ ಔಷಧವನ್ನು ತುಂಬಿಸಿಟ್ಟು ಅದನ್ನು ಉಳಿಸಿಕೊಳ್ಳಲು ಪ್ರಯತ್ನಿಸಬಹುದು. ಚಿಕಿತ್ಸೆಯ ಅವಧಿಯಲ್ಲಿ ಪಿ.ಸಿ.ಟಿ. ಮತ್ತು ಸಿ.ಆರ್.ಪಿ. ಇಳಿಮುಖವಾಗುತ್ತಿವೆಯೇ ಎಂಬುದನ್ನು ಗಮನಿಸುವುದರಿಂದ ಔಷಧ ಫಲಿಸುತ್ತಿರುವುದು ತಿಳಿಯುತ್ತದೆ. ಸೂಚಕಗಳು ಅತ್ಯಂತ ಉಪಯುಕ್ತವಾಗುವುದು ಈ ಹಂತದಲ್ಲಿ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

1. ದೇಹದ ಉಷ್ಣತೆಯು ಒಮ್ಮೆಯಾದರೂ 101 ಡಿಗ್ರಿ ಫ್ಯಾರನ್‌ಹೀಟ್ ತಲುಪಿದಾಗ ಅಥವಾ 100.4 ಡಿಗ್ರಿಯು ಒಂದು ಗಂಟೆಯ ಕಾಲ ಮುಂದುವರಿದಾಗ.

2. ನಳಿಕೆಯ ಮೂಲಕ ಔಷಧ ಅಥವಾ ದ್ರವ ಹರಿಸಿದ ಸ್ವಲ್ಪ ಹೊತ್ತಿನಲ್ಲಿ ಚಳಿ, ನಡುಕ ಬಂದಾಗ. ಇದು ನಳಿಕೆಯ ಸೋಂಕಿನ ಮುಖ್ಯ ಲಕ್ಷಣ.

3. ನಳಿಕೆಯ ಜಾಗದಲ್ಲಿ ನೋವು, ಕೆಂಪು, ಊತ ಅಥವಾ ಸೋರಿಕೆ ಕಂಡಾಗ.

4. ಜ್ವರವಿಲ್ಲದಿದ್ದರೂ ಅತಿಯಾದ ಸುಸ್ತು, ಗೊಂದಲದ ಮಾತು, ಏದುಸಿರು ಅಥವಾ ಮೂತ್ರ ಕಡಿಮೆಯಾಗುವುದು ಕಂಡಾಗ.

ಬಳ್ಳಾರಿ ಭಾಗದ ಬೇಸಿಗೆಯ ಬಿಸಿಲಿನಲ್ಲಿ ಮೈ ಬಿಸಿಯಾಗುವುದು ಸಹಜವೆಂದು ಜ್ವರವನ್ನು ಕಡೆಗಣಿಸುವ ಸಂಭವವಿದೆ. ಆದ್ದರಿಂದ ಮುಟ್ಟಿ ನೋಡಿ ಅಂದಾಜು ಮಾಡದೆ ಥರ್ಮಾಮೀಟರ್‌ನಿಂದಲೇ ಅಳೆಯತಕ್ಕದ್ದು. ಕಿಮೋಥೆರಪಿ ಪಡೆಯುತ್ತಿರುವವರ ಪ್ರತಿಯೊಂದು ಮನೆಯಲ್ಲಿಯೂ ಥರ್ಮಾಮೀಟರ್ ಇರುವುದು ಅವಶ್ಯ.

ಜ್ವರ ಬಂದಾಗ ಅನುಸರಿಸಬೇಕಾದ ಕ್ರಮಗಳು

1. ಉಷ್ಣತೆ ಹಾಗೂ ಸಮಯವನ್ನು ಬರೆದಿಟ್ಟುಕೊಳ್ಳುವುದು.

2. ಚಿಕಿತ್ಸೆ ನೀಡುತ್ತಿರುವ ಆಸ್ಪತ್ರೆಗೆ ದೂರವಾಣಿ ಮೂಲಕ ವಿಷಯ ತಿಳಿಸುವುದು.

3. 108 ಸಂಖ್ಯೆಗೆ ಕರೆಮಾಡಿ ಉಚಿತ ಆಂಬ್ಯುಲೆನ್ಸ್ ಪಡೆಯುವುದು. ರೋಗಿಗೆ ಕಿಮೋಥೆರಪಿ ನಡೆಯುತ್ತಿದ್ದು, ನಳಿಕೆ ಇದೆ ಎಂಬುದನ್ನು ಕರೆಯಲ್ಲಿಯೇ ತಿಳಿಸುವುದು.

4. ರಾತ್ರಿಯ ವೇಳೆಯಾದರೂ ಸಮೀಪದ ಸರ್ಕಾರಿ ಆಸ್ಪತ್ರೆಗೆ ಹೋಗುವುದು. ಚಿಕಿತ್ಸೆ ನಡೆಯುತ್ತಿರುವುದು ಬೆಂಗಳೂರಿನಲ್ಲಿ ಎಂಬ ಕಾರಣಕ್ಕೆ ಜ್ವರದೊಂದಿಗೆ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಪ್ರಯಾಣಿಸುವುದು ಅಪಾಯಕರ. ಮೊದಲ ಚುಚ್ಚುಮದ್ದು ಸಮೀಪದಲ್ಲಿ, ಮುಂದಿನ ಚಿಕಿತ್ಸೆ ವೈದ್ಯರು ಸೂಚಿಸಿದ ಆಸ್ಪತ್ರೆಯಲ್ಲಿ ಎಂಬ ಕ್ರಮವು ಸುರಕ್ಷಿತ.

5. ಮಲೇರಿಯಾ, ಡೆಂಗಿ ಜ್ವರಗಳೂ ಈ ಭಾಗದಲ್ಲಿ ಕಂಡುಬರುವುದರಿಂದ ವೈದ್ಯರು ಸೂಚಿಸುವ ಆ ಪರೀಕ್ಷೆಗಳಿಗೂ ಸಹಕರಿಸುವುದು.

ಮಾಡಬಾರದ ಕಾರ್ಯಗಳು

1. ವೈದ್ಯರ ಸಲಹೆಯಿಲ್ಲದೆ ಪ್ರತಿಜೈವಿಕ ಮಾತ್ರೆಗಳನ್ನು ಸೇವಿಸುವುದು.

2. ಉಷ್ಣತೆಯನ್ನು ಅಳೆಯದೆ ಪ್ಯಾರಾಸಿಟಮಾಲ್ ಮಾತ್ರೆ ನುಂಗಿ ಜ್ವರವನ್ನು ಅಡಗಿಸುವುದು.

3. ತರಬೇತಿ ಇಲ್ಲದವರಿಂದ ನಳಿಕೆಯ ಮೂಲಕ ಗ್ಲೂಕೋಸ್ ಅಥವಾ ಚುಚ್ಚುಮದ್ದು ಹಾಕಿಸಿಕೊಳ್ಳುವುದು.

4. ನಳಿಕೆಯ ಜಾಗಕ್ಕೆ ಅರಿಶಿನ, ಎಣ್ಣೆ, ಸೊಪ್ಪಿನ ರಸ ಹಚ್ಚುವುದು.

ನಳಿಕೆಯ ನಿತ್ಯದ ಆರೈಕೆ

ನಳಿಕೆಯನ್ನು ಮುಟ್ಟುವ ಮುನ್ನ ಸಾಬೂನಿನಿಂದ ಕೈ ತೊಳೆಯತಕ್ಕದ್ದು. ಪಿಕ್ ಲೈನಿನ ಪಟ್ಟಿಯನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ ತರಬೇತಿ ಪಡೆದ ಶುಶ್ರೂಷಕರಿಂದ ಬದಲಿಸಿಕೊಳ್ಳಬೇಕು. ಬೆವರಿನಿಂದ ಪಟ್ಟಿ ಸಡಿಲಗೊಂಡಲ್ಲಿ, ಒದ್ದೆಯಾದಲ್ಲಿ ಅಥವಾ ಧೂಳು ಸೇರಿದಲ್ಲಿ ವಾರದವರೆಗೆ ಕಾಯದೆ ಬದಲಿಸಬೇಕು. ಪಿಕ್ ಲೈನ್ ಇರುವವರು ಸ್ನಾನದ ವೇಳೆ ತೋಳಿಗೆ ನೀರು ತಾಗದಂತೆ ಮುಚ್ಚಿಕೊಳ್ಳಬೇಕು. ತುಂಗಭದ್ರಾ ನದಿ ಹಾಗೂ ಕಾಲುವೆಗಳಲ್ಲಿ ಮುಳುಗಿ ಸ್ನಾನ ಮಾಡತಕ್ಕದ್ದಲ್ಲ. ಗದ್ದೆಯ ಕೆಲಸ, ಗಣಿ ಧೂಳಿನ ಕೆಲಸಗಳಿಂದ ಚಿಕಿತ್ಸೆ ಮುಗಿಯುವವರೆಗೆ ದೂರವಿರುವುದು ಕ್ಷೇಮ. ಬಳಕೆಯಲ್ಲಿಲ್ಲದ ಪೋರ್ಟನ್ನು ಆಸ್ಪತ್ರೆಯು ಸೂಚಿಸಿದ ಅವಧಿಗೊಮ್ಮೆ ಶುಚಿಗೊಳಿಸಿಕೊಳ್ಳಬೇಕು. ಚಿಕಿತ್ಸೆ ಮುಗಿದ ನಂತರ ನಳಿಕೆಯ ಅಗತ್ಯವಿಲ್ಲದಿದ್ದಲ್ಲಿ ಅದನ್ನು ತೆಗೆಸುವ ಬಗ್ಗೆ ವೈದ್ಯರನ್ನು ವಿಚಾರಿಸಬೇಕು.

ಚಿಕಿತ್ಸಾ ನೆರವು ಹಾಗೂ ದಾಖಲೆಗಳು

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಎಂಬ ಹೆಸರಿನಲ್ಲಿ 2018ರಲ್ಲಿ ಜಾರಿಗೆ ಬಂದ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಉಚಿತ ಚಿಕಿತ್ಸೆಯೂ, ಎ.ಪಿ.ಎಲ್. ಕುಟುಂಬಗಳಿಗೆ ನಿಗದಿತ ಚಿಕಿತ್ಸಾ ದರದ ಶೇಕಡ 30ರಷ್ಟು ನೆರವೂ ಲಭ್ಯವಿರುತ್ತದೆ. ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಿರ್ವಹಿಸುತ್ತದೆ. ಸಾಮಾನ್ಯ ಸಂದರ್ಭದಲ್ಲಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ತುರ್ತು ಚಿಕಿತ್ಸೆಗಳೆಂದು ಗುರುತಿಸಲಾದವುಗಳಿಗೆ ಶಿಫಾರಸು ಪತ್ರದ ಅಗತ್ಯವಿರುವುದಿಲ್ಲ. 2025ರಲ್ಲಿ ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ದಿನದ ಆರೈಕೆಯ ಕಿಮೋಥೆರಪಿ ಕೇಂದ್ರಗಳನ್ನು ಆರಂಭಿಸಲಾಗಿದೆ. ಬೆಂಗಳೂರಿನವರೆಗೆ ಹೋಗದೆ ಚಿಕಿತ್ಸೆ ಮುಂದುವರಿಸಲು ಅವಕಾಶವಿದೆಯೇ ಎಂಬುದನ್ನು ರೋಗಿಗಳು ತಮ್ಮ ವೈದ್ಯರಲ್ಲಿ ವಿಚಾರಿಸಬಹುದಾಗಿದೆ.

ಈ ಕೆಳಕಂಡ ದಾಖಲೆಗಳನ್ನು ಒಂದೇ ಚೀಲದಲ್ಲಿ ಸಿದ್ಧವಾಗಿಟ್ಟುಕೊಳ್ಳತಕ್ಕದ್ದು:

1. ಪಡಿತರ ಚೀಟಿ ಹಾಗೂ ಆಧಾರ್ ಕಾರ್ಡ್.
2. ಆಸ್ಪತ್ರೆಯಿಂದ ನೀಡಲಾದ ಬಿಡುಗಡೆ ಪತ್ರ. ಇದರಲ್ಲಿ ಕಿಮೋಥೆರಪಿ ಔಷಧದ ಹೆಸರು ಮತ್ತು ದಿನಾಂಕ ಇರಬೇಕು.
3. ನಳಿಕೆಯ ವಿಧ ಮತ್ತು ಅಳವಡಿಸಿದ ದಿನಾಂಕವಿರುವ ಕಾರ್ಡ್.
4. ಹಿಂದಿನ ರಕ್ತ ಪರೀಕ್ಷೆಗಳ ವರದಿಗಳು. ಹಳೆಯ ಅಂಕಿ ಇಲ್ಲದೆ ಹೊಸ ಅಂಕಿಯ ಏರಿಳಿತ ತಿಳಿಯುವುದಿಲ್ಲ.
5. ಚಿಕಿತ್ಸೆ ನೀಡುತ್ತಿರುವ ವಿಭಾಗದ ದೂರವಾಣಿ ಸಂಖ್ಯೆ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಿ.ಆರ್.ಪಿ. ಹೆಚ್ಚಿದ್ದರೆ ನಳಿಕೆಯನ್ನು ತೆಗೆಯಲೇಬೇಕೇ?
ಉತ್ತರ: ಇಲ್ಲ. ಸಿ.ಆರ್.ಪಿ. ಏರಲು ಅನೇಕ ಕಾರಣಗಳಿರುತ್ತವೆ. ಕಲ್ಚರ್ ವರದಿ ಹಾಗೂ ರೋಗಿಯ ಸ್ಥಿತಿಯನ್ನು ಅವಲೋಕಿಸಿ ವೈದ್ಯರು ನಿರ್ಧರಿಸುತ್ತಾರೆ.

ಪ್ರಶ್ನೆ: ಎರಡು ಕಡೆ ರಕ್ತ ತೆಗೆಯುವುದು ಏಕೆ? ನಳಿಕೆಯಿಂದಲೇ ತೆಗೆದರೆ ಸಾಲದೇ?
ಉತ್ತರ: ಸಾಲದು. ಎರಡನ್ನೂ ಹೋಲಿಸಿದಾಗ ಮಾತ್ರ ಮೂಲ ತಿಳಿಯುತ್ತದೆ. ರೋಗಿಗಳು ಕೈಯಿಂದ ರಕ್ತ ನೀಡಲು ನಿರಾಕರಿಸಬಾರದು.

ಪ್ರಶ್ನೆ: ಕಲ್ಚರ್‌ಗೆ ಹೆಚ್ಚು ರಕ್ತ ತೆಗೆಯುವುದರಿಂದ ರೋಗಿಯು ನಿಶ್ಶಕ್ತನಾಗುವುದಿಲ್ಲವೇ?
ಉತ್ತರ: ಇಲ್ಲ. ಕಲ್ಚರ್‌ಗೆ ತೆಗೆಯುವ ರಕ್ತವು ದೇಹದಲ್ಲಿರುವ ರಕ್ತದ ಅತ್ಯಲ್ಪ ಭಾಗ. ಕಡಿಮೆ ರಕ್ತ ತೆಗೆದಲ್ಲಿ ಸೂಕ್ಷ್ಮಾಣುಗಳು ಪತ್ತೆಯಾಗದೆ ಹೋಗಬಹುದು.

ಪ್ರಶ್ನೆ: ಜ್ವರವು ತಾನಾಗಿಯೇ ಇಳಿದರೆ ಆಸ್ಪತ್ರೆಗೆ ಹೋಗಬೇಕೇ?
ಉತ್ತರ: ಹೋಗಬೇಕು. ನಳಿಕೆಯಿಂದ ಸೂಕ್ಷ್ಮಾಣುಗಳು ಬಿಟ್ಟು ಬಿಟ್ಟು ಬಿಡುಗಡೆಯಾಗುವುದರಿಂದ ಜ್ವರವೂ ಬಿಟ್ಟು ಬಿಟ್ಟು ಬರಬಹುದು.

ಸಾರಾಂಶ

ಸಿ.ಆರ್.ಪಿ., ಪ್ರೊಕ್ಯಾಲ್ಸಿಟೋನಿನ್ ಮುಂತಾದ ರಕ್ತದ ಸೂಚಕಗಳು ವೈದ್ಯರಿಗೆ ನೆರವಾಗುವ ಸಾಧನಗಳು. ಸೋಂಕಿನ ಮೂಲ ನಳಿಕೆಯೇ ಎಂಬುದನ್ನು ಜೋಡಿ ಬ್ಲಡ್ ಕಲ್ಚರ್ ತಿಳಿಸುತ್ತದೆ. ರೋಗಿಯ ಜೀವವನ್ನು ಉಳಿಸುವುದು ಸಕಾಲದಲ್ಲಿ ದೊರೆತ ಮೊದಲ ಚುಚ್ಚುಮದ್ದು. ಈ ಮೂರೂ ಸರಿಯಾಗಿ ನಡೆಯಬೇಕಾದಲ್ಲಿ ಜ್ವರವನ್ನು ಮೊದಲು ಗುರುತಿಸುವ ಮನೆಯವರ ಪಾತ್ರವು ಅತ್ಯಂತ ಮಹತ್ವದ್ದು. ಸದರಿ ವಿಷಯದಲ್ಲಿ ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಆರೋಗ್ಯ ಸಹಾಯವಾಣಿ 104ನ್ನು, ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯರನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಬಹುದಾಗಿದೆ.